ಉಷ್ಣ ಶರೀರಕ್ಕೆ ನಲವತ್ತೆರಡು ಡಿಗ್ರಿ

ನಮ್ಮ ಅತ್ತೆಯದು ಉಷ್ಣ ಶರೀರ. ಯಾವ ಡಾಕ್ಟರೂ ಹಾಗೆಂದು ಬರೆದುಕೊಟ್ಟಿರಲಿಲ್ಲ, ಅವರೇ ತೀರ್ಮಾನ ಮಾಡಿಕೊಂಡಿದ್ದರು. ಶಿಡ್ಲಘಟ್ಟದ ಸರ್ಕಾರಿ ಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಮೇಡಂ ಆಗಿದ್ದವರು ಒಂದು ತೀರ್ಮಾನಕ್ಕೆ ಬಂದಮೇಲೆ ಅದನ್ನು ಪ್ರಶ್ನಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಕಣ್ಣು ಉರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಶಾಲೆಯ ಮಕ್ಕಳು ಹಟ ಮಾಡಿದರೂ ಉಷ್ಣವೇ. ಪರಂಗಿ ಹಣ್ಣು ಗೇಟಿನೊಳಕ್ಕೆ ಬರುವಂತಿರಲಿಲ್ಲ. ಎಳ್ಳು ಸಂಕ್ರಾಂತಿಗೆ ಮಾತ್ರ, ಅದೂ ಚಿಟಿಕೆಯಷ್ಟು. ಶನಿವಾರ ಬಂತೆಂದರೆ ಮನೆಮಂದಿಯೆಲ್ಲ ನೆತ್ತಿಗೆ ಹರಳೆಣ್ಣೆ ಒತ್ತಿಸಿಕೊಂಡು, ತಲೆಯ ಮೇಲೆ ದೋಸೆ ಹುಯ್ಯಿಸಿಕೊಂಡವರ ಹಾಗೆ ಕೂರಬೇಕು.

ಅವರು ನನಗೆ ಎರಡು ಕಡೆಯಿಂದಲೂ ಅತ್ತೆ. ನನ್ನ ಅಪ್ಪನ ಒಡಹುಟ್ಟಿದ ಅಕ್ಕ, ನನ್ನ ಗಂಡನ ತಾಯಿ. ಹೀಗಾಗಿ ಬೈಗುಳವೂ ಎರಡು ಕಡೆಯಿಂದ ಬರುತ್ತಿತ್ತು. ಸೊಸೆಯಾಗಿ ತಪ್ಪು ಮಾಡಿದರೆ ಒಂದು ಸಲ, ತಮ್ಮನ ಮಗಳಾಗಿ ವಂಶದ ಮರ್ಯಾದೆ ಕಳೆದದ್ದಕ್ಕೆ ಇನ್ನೊಂದು ಸಲ.

ನಾನು, ನನ್ನ ಗಂಡ ಇರುವುದು ಚಿಕ್ಕಬಳ್ಳಾಪುರದಲ್ಲಿ. ನನಗೆ ಇಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಅವರು ಚಿಂತಾಮಣಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಪಾಠ ಮಾಡುತ್ತಾರೆ. ಅತ್ತೆ, ಮಾವ ಶಿಡ್ಲಘಟ್ಟದಲ್ಲೇ ಇದ್ದರು. ಆ ವರ್ಷ ಗೌರಿ ಹಬ್ಬಕ್ಕೆ ಇಬ್ಬರೂ ನಮ್ಮಲ್ಲಿಗೆ ಬಂದಾಗ ನನಗೊಂದು ಅನುಮಾನ ಬಂತು. ಯಾವಾಗಲೂ ವಾಷಿಂಗ್ ಮಿಷನ್ನಿಗೆ ಬಟ್ಟೆ ಹಾಕಿ ಟೀಕೆ ಮಾಡುತ್ತಾ ನಿಲ್ಲುತ್ತಿದ್ದ ಅತ್ತೆ, ನಾಲ್ಕು ದಿನವೂ ನಾನು ಏಳುವ ಹೊತ್ತಿಗೆ ತಮ್ಮ ಬಟ್ಟೆ ತಾವೇ ಒಗೆದು ಮುಗಿಸಿರುತ್ತಿದ್ದರು. ಐದನೆಯ ದಿನ ನಾನು ಬೇಗ ಎದ್ದೆ.

"ಅತ್ತೆ, ಇದೇನು ರಕ್ತ?"

ಅವರು ಸೋಪಿನ ಕೈಯಲ್ಲೇ ನನ್ನನ್ನು ನೋಡಿದರು. "ಮೆತ್ತಗೆ ಮಾತಾಡೇ. ಉಷ್ಣ ಕಣೇ, ಅಷ್ಟೆ. ಜೀರಿಗೆ ನೀರು ಕುಡಿತಿದೀನಿ."

"ಎಷ್ಟು ದಿನದಿಂದ?"

"ಯುಗಾದಿ ಕಳೆದ ಮೇಲೆ."

ಮುಟ್ಟು ನಿಂತು ಹನ್ನೆರಡು ವರ್ಷವಾಗಿದ್ದ ಹೆಂಗಸು ಐದು ತಿಂಗಳು ಜೀರಿಗೆ ನೀರು ಕುಡಿದುಕೊಂಡು ಕೂತಿದ್ದರು. ಡಾಕ್ಟರ ಹತ್ತಿರ ಹೋಗೋಣ ಎಂದರೆ ಬರುವವರಲ್ಲ ಎಂದು ಗೊತ್ತಿತ್ತು. ಕಣ್ಣು ತೋರಿಸಿಕೊಂಡು ಬರೋಣ ಎಂದು ಸುಳ್ಳು ಹೇಳಿ ಕರೆದುಕೊಂಡು ಹೋದೆ. ಸ್ತ್ರೀರೋಗ ತಜ್ಞೆ ಎಂಬ ಫಲಕವನ್ನು ಓದಿ ಅವರು ಬಾಗಿಲಲ್ಲೇ ನಿಂತು, "ನನ್ನ ಕಣ್ಣು ಸರಿಯಾಗೇ ಇದೆ, ಓದಕ್ಕೆ ಬರುತ್ತೆ" ಎಂದರು. ಆದರೆ ಅಷ್ಟು ಹೊತ್ತಿಗೆ ಒಳಗಿನ ನರ್ಸು ಎದ್ದು ನಿಂತು, "ನಮಸ್ಕಾರ ಮೇಡಂ, ನಾನು ನಿಮ್ಮ ಮೂರನೇ ಕ್ಲಾಸಿನ ಸ್ಟೂಡೆಂಟು" ಎಂದುಬಿಟ್ಟಳು. ಹಳೆಯ ವಿದ್ಯಾರ್ಥಿನಿಯ ಮುಂದೆ ಓಡಿಹೋಗುವ ಹಾಗಿಲ್ಲವಲ್ಲ. ಒಳಗೆ ಹೋದರು.

ಗರ್ಭಕೋಶದ ಬಾಯಿಯ ಕ್ಯಾನ್ಸರ್. ಸ್ವಲ್ಪ ಒಳಕ್ಕೂ ಹಬ್ಬಿತ್ತು. ಆಪರೇಷನ್ ಮಾಡುವ ಹಂತ ದಾಟಿದೆ, ರೇಡಿಯೇಷನ್ ಕೊಡಬೇಕು ಎಂದು ಬೆಂಗಳೂರಿಗೆ ಬರೆದುಕೊಟ್ಟರು. ಆ ವಾರ ನಮ್ಮ ಮನೆಯಲ್ಲಿ ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಅತ್ತೆ ಮಾತ್ರ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಹೊಸದಾಗಿ ಚೀಟಿ ಅಂಟಿಸಿದರು. ಉದ್ದಿನಬೇಳೆ, ಕಡಲೆಬೇಳೆ, ಸಾಸಿವೆ, ಒಂದೊಂದಕ್ಕೂ ದುಂಡನೆಯ ಅಕ್ಷರ. ನಾನು ಅದನ್ನು ನೋಡಿ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಬೆಂಗಳೂರಿನ ಡಾಕ್ಟರು ಒಬ್ಬ ಹೆಂಗಸು, ನನ್ನ ವಯಸ್ಸಿನವರು. ನಿಧಾನವಾಗಿ ಎಲ್ಲವನ್ನೂ ಬಿಡಿಸಿ ಹೇಳಿದರು. ವಾರಕ್ಕೆ ಐದು ದಿನ ರೇಡಿಯೇಷನ್, ಒಂದು ದಿನ ಕೀಮೋ. ಇದರ ಜೊತೆಗೆ ಪ್ರತಿ ಬುಧವಾರ ಇನ್ನೊಂದು ಚಿಕಿತ್ಸೆ.

"ಗೆಡ್ಡೆ ಇರೋ ಜಾಗಾನ ಬಿಸಿ ಮಾಡ್ತೀವಮ್ಮ. ನಲವತ್ತೆರಡು ಡಿಗ್ರಿ ತನಕ. ಒಂದು ಗಂಟೆ ಹೊತ್ತು."

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು. ಆ ಮುಖವನ್ನು ನಾನು ಮರೆಯುವುದಿಲ್ಲ. "ಏನಂತಿದಾರೆ ಇವರು? ಬಿಸಿ ಮಾಡ್ತಾರಾ? ನನಗಾ?"

"ಹೂಂ ಅತ್ತೆ."

"ಡಾಕ್ಟ್ರಮ್ಮ, ನಂದು ಉಷ್ಣ ಶರೀರ. ಇದು ಬಂದಿರೋದೇ ಉಷ್ಣದಿಂದ. ಬೆಂಕಿಗೆ ಸೀಮೆಎಣ್ಣೆ ಹುಯ್ತೀನಿ ಅಂತೀರಲ್ಲ?"

ಡಾಕ್ಟರಮ್ಮ ನಗಲಿಲ್ಲ. "ಇದು ಬಂದಿರೋದು ಒಂದು ವೈರಸ್‌ನಿಂದಮ್ಮ, ಉಷ್ಣದಿಂದ ಅಲ್ಲ. ಗೆಡ್ಡೆಗೆ ಬಿಸಿ ತಡೆಯಲ್ಲ, ಸುಸ್ತಾಗುತ್ತೆ. ಅದೇ ದಿನ ರೇಡಿಯೇಷನ್ ಕೊಟ್ರೆ ಅದಕ್ಕೆ ತನ್ನ ಗಾಯ ತಾನು ವಾಸಿ ಮಾಡ್ಕೊಳಕ್ಕೆ ಆಗಲ್ಲ. ಬಿಸಿಯೊಂದರಿಂದಲೇ ವಾಸಿಯಾಗುತ್ತೆ ಅಂತ ನಾನು ಹೇಳಲ್ಲ. ಇದು ರೇಡಿಯೇಷನ್‌ಗೆ ಸಹಾಯ ಅಷ್ಟೆ. ಒಳಗೆ ಆಳದಲ್ಲಿರೋದಕ್ಕೆ ಮೇಲಿಂದ ಶಾಖ ಕೊಟ್ರೆ ಮುಟ್ಟಲ್ಲ, ಅದಕ್ಕೆ ರೇಡಿಯೋ ತರಂಗ ಬಿಡ್ತೀವಿ."

ಪಕ್ಕದಲ್ಲಿ ಕೂತಿದ್ದ ಮಾವ ತಲೆ ಎತ್ತಿದರು. ಅವರು ಖಜಾನೆ ಇಲಾಖೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಮಾತು ಕಡಿಮೆ. "ರೇಡಿಯೋನೇ? ಹಾಡು ಕೇಳಿಸುತ್ತಾ?" ಎಂದರು. ತಮಾಷೆಗೆ ಅಂದದ್ದೋ ನಿಜವಾಗಿ ಕೇಳಿದ್ದೋ ಇವತ್ತಿಗೂ ನನಗೆ ತಿಳಿಯದು.

ಡಾಕ್ಟರಮ್ಮ ಒಂದು ಕಾಗದ ಹಿಡಿದು ಪ್ರಶ್ನೆಗಳನ್ನು ಕೇಳುತ್ತಾ ಹೋದರು. "ಮೈಯೊಳಗೆ ಎಲ್ಲಾದ್ರೂ ಲೋಹ ಇದೆಯಾ? ರಾಡು, ಪ್ಲೇಟು, ಪೇಸ್‌ಮೇಕರ್?"

"ಇದೆ" ಎಂದರು ಮಾವ. "ಬಲ ಮಂಡೀಲಿ. ಸ್ಕೂಟರಿಂದ ಬಿದ್ದಿದ್ದೆ."

"ನಿಮಗಲ್ಲ, ಅಮ್ಮನಿಗೆ."

"ಅವಳಿಗೆ ಯಾವುದೂ ಇಲ್ಲ. ಅವಳು ಯಾವತ್ತೂ ಬಿದ್ದೋಳಲ್ಲ."

ಮೈಮೇಲೂ ಲೋಹ ಇರಬಾರದು ಎಂದರು. ಬಳೆ, ಸರ, ಕಾಲುಂಗುರ, ಉಡುದಾರ, ಎಲ್ಲ ತೆಗೆಯಬೇಕು.

ಅಲ್ಲಿ ಶುರುವಾಯಿತು ನೋಡಿ. ಕರಿಮಣಿ ಸರ ತೆಗೆಯಲು ಅತ್ತೆ ಒಪ್ಪಿದರು, ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡರಾಯಿತು. ಬಳೆ ತೆಗೆದರು. ಕಾಲುಂಗುರ ಮಾತ್ರ ಬರಲೇ ಇಲ್ಲ. ಮದುವೆಯ ದಿನ ಹಾಕಿದ್ದು ನಲವತ್ತು ವರ್ಷದಲ್ಲಿ ಬೆರಳಿನ ಗಂಟಿನ ಹಿಂದೆ ಮನೆ ಕಟ್ಟಿಕೊಂಡು ಕೂತಿತ್ತು. ಸೋಪು ಹಚ್ಚಿದೆ. ಕೊಬ್ಬರಿ ಎಣ್ಣೆ ಹಚ್ಚಿದೆ. ನನ್ನ ಗಂಡ ಮೊಬೈಲಿನಲ್ಲಿ ಯಾರೋ ದಾರ ಸುತ್ತಿ ಉಂಗುರ ತೆಗೆಯುವ ವಿಡಿಯೋ ನೋಡಿ ದಾರ ಸುತ್ತಿದರು. ಉಂಗುರ ಬರಲಿಲ್ಲ, ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. "ಕಾಲೇ ತೆಗೆದುಬಿಡ್ರಪ್ಪ, ಸುಲಭ" ಎಂದರು ಅತ್ತೆ.

ಕೊನೆಗೆ ಶಿಡ್ಲಘಟ್ಟದ ಅವರ ಹಳೆಯ ಅಕ್ಕಸಾಲಿಗರ ಅಂಗಡಿಗೇ ಹೋದೆವು. ಅಕ್ಕಸಾಲಿಗರು ಸಣ್ಣ ಕತ್ತರಿ ಹಿಡಿದು ಅತ್ತೆಯ ಕಾಲನ್ನು ಸ್ಟೂಲಿನ ಮೇಲೆ ಇಡಿಸಿಕೊಂಡರು. ಮಾವ ಬೀದಿಯ ಕಡೆ ಮುಖ ಮಾಡಿ ನಿಂತುಬಿಟ್ಟರು. ಟಿಕ್ ಎಂದು ಒಂದು ಶಬ್ದ, ಮತ್ತೆ ಒಂದು. ಬೆರಳಲ್ಲಿ ಬೆಳ್ಳಗೆ ಒಂದು ಪಟ್ಟಿ ಉಳಿಯಿತು. ಮಾವ ತಿರುಗಿದರು, ಜೇಬಿನಿಂದ ಅರಿಶಿನ ಹಚ್ಚಿದ ದಾರದ ಎರಡು ತುಂಡು ತೆಗೆದರು. ಮನೆಯಲ್ಲೇ ಸಿದ್ಧ ಮಾಡಿಕೊಂಡು ತಂದಿದ್ದರು, ನಮಗ್ಯಾರಿಗೂ ಹೇಳಿರಲಿಲ್ಲ. ಬಗ್ಗಿ ಕಟ್ಟೋಣವೆಂದರೆ ಪ್ಲೇಟು ಹಾಕಿದ ಮಂಡಿ ಮಡಚುವುದಿಲ್ಲ. ಅರ್ಧ ಬಗ್ಗಿ ಅಲ್ಲೇ ಸಿಕ್ಕಿಕೊಂಡರು. ಅಕ್ಕಸಾಲಿಗರು ಒಂದು ಕಡೆ, ನಾನೊಂದು ಕಡೆ ಹಿಡಿದು ಅವರನ್ನು ನೆಟ್ಟಗೆ ಮಾಡಿದೆವು. ಆಮೇಲೆ ಅತ್ತೆಯನ್ನೇ ಬೆಂಚಿನ ಮೇಲೆ ಹತ್ತಿಸಿ ನಿಲ್ಲಿಸಿ, ಮಾವ ನಿಂತುಕೊಂಡೇ ದಾರ ಕಟ್ಟಿದರು. ಬೀದಿಯಲ್ಲಿ ಹೋಗುತ್ತಿದ್ದವರು, "ಯಾಕ್ ಮೇಡಂ ಬೆಂಚಿನ ಮೇಲೆ ನಿಂತಿದೀರಾ, ಹೋಂವರ್ಕ್ ಮಾಡಿಲ್ವಾ?" ಎಂದು ಕೇಳಿಕೊಂಡು ಹೋದರು. ಅತ್ತೆಯ ಮುಖ ಕೆಂಪಗಾಯಿತು. ಕೋಪಕ್ಕೆ ಎಂದುಕೊಂಡಿದ್ದೆ. ಈಗ ಯೋಚಿಸಿದರೆ ಅಲ್ಲವೇನೋ.

ಇಷ್ಟರಲ್ಲಿ ಗೌರಿಬಿದನೂರಿನಿಂದ ನನ್ನ ಅಪ್ಪ ನಮ್ಮ ಮನೆಗೆ ಬಂದಿಳಿದರು. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಅಪ್ಪನಿಗೆ ಅಕ್ಕನೆಂದರೆ ಪ್ರಾಣ, ಅವರ ಉಷ್ಣದ ಸಿದ್ಧಾಂತಕ್ಕೆ ಇವರೇ ಪ್ರಚಾರಕರು. ಬರುವಾಗ ತೊಂಡೇಬಾವಿ ಕಡೆಯ ಹಳ್ಳಿಯಿಂದ ಗಾಣದ ಹರಳೆಣ್ಣೆ ಎರಡು ಸೀಸೆ, ಲಾವಂಚದ ಬೇರು, ಒಂದು ಮೂಟೆ ಬಾರ್ಲಿ ತಂದಿದ್ದರು. ಬಿಸಿ ಚಿಕಿತ್ಸೆಯ ವಿಷಯ ಕೇಳಿ ಮೊದಲು ದಂಗಾದರು. ಒಂದು ದಿನ ಯೋಚನೆ ಮಾಡಿದರು. ಮರುದಿನ ಹೊಸ ವಾದ ಹಿಡಿದು ಬಂದರು.

"ಮುಳ್ಳನ್ನ ಮುಳ್ಳಿಂದ್ಲೇ ತೆಗಿಬೇಕು ಅಂತಾರಲ್ಲ, ಇದೂ ಹಂಗೆ. ಸರಿಯಾಗೇ ಇದೆ. ಆದ್ರೆ ಶಾಖ ಕೊಡಕ್ಕೆ ಬೆಂಗಳೂರ್‌ಗ್ಯಾಕೆ ಹೋಗ್ಬೇಕು? ನಮ್ಮಮ್ಮ ಇಟ್ಟಿಗೆ ಕಾಯಿಸಿ ಬಟ್ಟೇಲಿ ಸುತ್ತಿ ಕೊಡ್ತಿರಲಿಲ್ವಾ?"

"ಅಪ್ಪ, ದಯವಿಟ್ಟು ಏನೂ ಮಾಡಬೇಡ" ಎಂದೆ.

"ಅಕ್ಕನ ಮೇಲೆ ಮಾಡ್ತೀನಾ? ಮೊದ್ಲು ನನ್ನ ಮೇಲೆ ಮಾಡಿ ನೋಡ್ತೀನಿ."

ನಾನು ಕಚೇರಿಗೆ ಹೋದದ್ದೇ ತಡ, ಮಹಡಿಯ ಮೇಲೆ ಉಳಿದಿದ್ದ ಇಟ್ಟಿಗೆಯನ್ನು ಗ್ಯಾಸ್ ಒಲೆಯ ಮೇಲಿಟ್ಟು ಕಾಯಿಸಿ, ಟವೆಲ್ಲಿನಲ್ಲಿ ಸುತ್ತಿ ಹೊಟ್ಟೆಯ ಮೇಲಿಟ್ಟುಕೊಂಡು ಮಲಗಿದ್ದಾರೆ. ಹಿತವಾಗಿತ್ತಂತೆ. ಹಿತಕ್ಕೆ ನಿದ್ದೆ ಬಂದಿದೆ. ನಾನು ಬರುವ ಹೊತ್ತಿಗೆ ಹೊಕ್ಕುಳಿನ ಪಕ್ಕದಲ್ಲಿ ಬೋಂಡಾದಷ್ಟು ದಪ್ಪ ಬೊಬ್ಬೆ. ಮುಂದಿನ ಹತ್ತು ದಿನ ಅಪ್ಪ ಅಂಗಿಯನ್ನು ಎರಡು ಬೆರಳಲ್ಲಿ ಮುಂದಕ್ಕೆ ಎಳೆದು ಹಿಡಿದುಕೊಂಡೇ ಓಡಾಡಿದರು. ಬೆಂಗಳೂರಿಗೂ ಹಾಗೇ ಬಂದರು. ಡಾಕ್ಟರಮ್ಮ ಏನದು ಎಂದು ಕೇಳಿ, ಅಂಗಿ ಎತ್ತಿಸಿ ನೋಡಿದರು. "ನೋಡಿ ಯಜಮಾನ್ರೇ, ನಿಮ್ಮ ಚರ್ಮ ಸುಟ್ಟಿದೆ. ಅದರ ಕೆಳಗಿರೋ ಕೊಬ್ಬಿಗೆ ಇನ್ನೂ ವಿಷಯಾನೇ ಗೊತ್ತಾಗಿಲ್ಲ. ಅಮ್ಮನ ಗೆಡ್ಡೆ ಅದಕ್ಕಿಂತ ಆಳದಲ್ಲಿದೆ. ಮನೇಲಿ ಇನ್ನೇನೂ ಮಾಡಬೇಡಿ" ಎಂದು ಅವರಿಗೆ ಮುಲಾಮು ಬರೆದುಕೊಟ್ಟರು. ರೇಡಿಯೇಷನ್‌ಗೆ ಕಾದು ಕೂತಿದ್ದ ಅತ್ತೆ ಆ ದಿನ ಮೊದಲ ಸಲ ನಕ್ಕರು.

ಚಿಕಿತ್ಸೆ ಮುಗಿಯುವತನಕ ಅತ್ತೆ, ಮಾವ ನಮ್ಮಲ್ಲೇ ಉಳಿದರು. ದಿನವೂ ಚಿಕ್ಕಬಳ್ಳಾಪುರದಿಂದ ನಾನೇ ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ಕಚೇರಿಗೆ ರಜೆ ಹಾಕಿದ್ದೆ. ಅತ್ತೆ ಪಕ್ಕದಲ್ಲಿ ಕೂತು, "ಲಾರಿ ಬಂತು, ಲಾರಿ ಬಂತು" ಎಂದು ದೇವನಹಳ್ಳಿಯತನಕ ಎಲ್ಲ ಲಾರಿಗಳನ್ನೂ ಪರಿಚಯ ಮಾಡಿಕೊಡುತ್ತಿದ್ದರು.

ಮೊದಲ ಬುಧವಾರ. ಚಿಕಿತ್ಸೆಯ ಕೋಣೆಯಲ್ಲಿ ಎಸಿಯ ಚಳಿ. ಅತ್ತೆಯನ್ನು ತೊಟ್ಟಿಲಿನಂಥ ಹಾಸಿಗೆಯ ಮೇಲೆ ಮಲಗಿಸಿ, ಸೊಂಟದ ಸುತ್ತ ದೊಡ್ಡ ಬಳೆಯಂಥ ಯಂತ್ರವನ್ನು ತಂದು ನಿಲ್ಲಿಸಿದರು. ಮೈಗೂ ಯಂತ್ರಕ್ಕೂ ನಡುವೆ ನೀರು ತುಂಬಿದ ಚೀಲ, ಚರ್ಮ ಸುಡದಿರಲಿ ಎಂದು ತಣ್ಣನೆಯ ನೀರು ಅದರಲ್ಲಿ ಸುತ್ತುತ್ತಿರುತ್ತದೆ. ಒಳಗಿನ ಬಿಸಿ ಅಳೆಯಲು ದಾರದಂಥ ತೆಳ್ಳನೆಯ ತಾಪಮಾಪಕಗಳು. ಅವನ್ನು ಎಲ್ಲೆಲ್ಲಿ ಇಡುತ್ತಾರೆಂಬುದನ್ನು ಅತ್ತೆಗೆ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಅವರು ಕಣ್ಣು ಮುಚ್ಚಿ, "ಸರಿ. ಆದ್ರೆ ನಿಮ್ಮಪ್ಪನಿಗೆ ಹೇಳಬೇಡ, ಅವನು ಮನೇಲಿ ಮಾಡಿ ನೋಡ್ತಾನೆ" ಎಂದರು.

ಯಂತ್ರ ನಡೆಸುತ್ತಿದ್ದವಳು ಚುರುಕಾದ ಒಬ್ಬ ಹುಡುಗಿ, ಟೆಕ್ನಿಷಿಯನ್. ಅವಳು ಒತ್ತಿ ಒತ್ತಿ ಹೇಳಿದಳು. "ಅಮ್ಮ, ಎಲ್ಲಾದ್ರೂ ಒಂದು ಕಡೆ ಜಾಸ್ತಿ ಸುಟ್ಟಂಗಾದ್ರೆ, ಚುಚ್ಚಿದಂಗಾದ್ರೆ, ತಕ್ಷಣ ಹೇಳ್ಬೇಕು. ನಾನು ಅಡ್ಜಸ್ಟ್ ಮಾಡ್ತೀನಿ. ಸುಮ್ನೆ ಇರಬಾರದು."

ನಾನು ಗಾಜಿನ ಕಿಟಕಿಯ ಈಚೆ ಕೂತೆ. ಒಳಗಿನ ಮಾತು ಸ್ಪೀಕರಿನಲ್ಲಿ ಕೇಳುತ್ತಿತ್ತು. ಬಿಸಿ ಏರತೊಡಗಿತು. ಮೂವತ್ತೊಂಬತ್ತು. ನಲವತ್ತು. ಅತ್ತೆಯ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಹುಡುಗಿ ಒದ್ದೆ ಬಟ್ಟೆ ಹಾಕಿದಳು, ನೀರು ಕುಡಿಸಿದಳು.

"ಹೇಗಿದೆಯಮ್ಮ?"

"ಪರವಾಗಿಲ್ಲ."

ನಲವತ್ತೊಂದು. "ಈಗ?"

"ಪರವಾಗಿಲ್ಲ."

ಕೊನೆಯತನಕ ಅದೊಂದೇ ಮಾತು. ಯಂತ್ರ ನಿಲ್ಲಿಸಿ ನೋಡಿದರೆ ಎಡ ತೊಡೆಯ ಮೇಲ್ಭಾಗದಲ್ಲಿ ಅಂಗೈಯಗಲ ಕೆಂಪಗಾಗಿ, ಒಳಗೆ ಗಂಟಿನಂತೆ ಗಟ್ಟಿಯಾಗಿತ್ತು. ಹುಡುಗಿಯ ಮುಖ ಬಿಳಿಚಿಕೊಂಡಿತು. ಡಾಕ್ಟರಮ್ಮ ಓಡಿಬಂದರು. ಅವರು ಮೊದಲ ಸಲ ಗಟ್ಟಿ ದನಿಯಲ್ಲಿ ಮಾತಾಡಿದರು.

"ಇಲ್ಲಿ ಉರೀತಿತ್ತಾ?"

"ಉರೀತಿತ್ತು."

"ಯಾಕೆ ಹೇಳ್ಲಿಲ್ಲ?"

ಅತ್ತೆ ಛಾವಣಿ ನೋಡಿದರು. "ಒಂದು ಗಂಟೆ ಸುಮ್ನಿರಕ್ಕಾಗಲ್ವಾ ಅಂತ ಮಕ್ಕಳಿಗೆಲ್ಲ ಬೈದಿದೀನಿ. ನಾನೇ ಕೂಗಾಡಿದ್ರೆ ಹೇಗೆ?"

"ಇದು ಕ್ಲಾಸ್‌ರೂಮಲ್ಲಮ್ಮ. ಇಲ್ಲಿ ಮಾತಾಡಿದೋರೇ ಜಾಣರು. ಸುಮ್ನಿದ್ರೆ ಸುಟ್ಕೊಳ್ತೀರ."

ವಾಪಸು ಬರುವಾಗ ಅತ್ತೆ ಒಂದು ಲಾರಿಯನ್ನೂ ತೋರಿಸಲಿಲ್ಲ. ಬೈಸಿಕೊಂಡು ಅಭ್ಯಾಸ ಇರಲಿಲ್ಲ ಅವರಿಗೆ.

ಎರಡನೆಯ ಬುಧವಾರ ಹರಳೆಣ್ಣೆಯ ದಿನ. ಕಾರಿನಲ್ಲಿ ಕೂತಾಗಲೇ ವಾಸನೆ ಬಂದಿತ್ತು, ಅಪ್ಪನ ತಲೆಯದು ಎಂದುಕೊಂಡೆ. ಆಸ್ಪತ್ರೆಯಲ್ಲಿ ಗೌನು ಹಾಕಿಸಿ ಮಲಗಿಸಿದರೆ ನೀರಿನ ಚೀಲ ನಿಲ್ಲುತ್ತಲೇ ಇಲ್ಲ. ಈ ಕಡೆ ಇಟ್ಟರೆ ಆ ಕಡೆ ಜಾರುತ್ತದೆ. ಹುಡುಗಿ ಅತ್ತೆಯ ಹೊಟ್ಟೆ ಮುಟ್ಟಿ, ಕೈಗವಸು ಮೂಸಿ ನೋಡಿ ಡಾಕ್ಟರಮ್ಮನನ್ನು ಕರೆದಳು. ಹೊಟ್ಟೆ, ಸೊಂಟ, ಅಂಗಾಲು, ನೆತ್ತಿ, ಎಲ್ಲ ಕಡೆಯೂ ಧಾರಾಳವಾಗಿ ಬಳಿದುಕೊಂಡಿದ್ದರು.

"ಏನಮ್ಮ ಇದು, ಕಾವಲಿಗೆ ಸವರಿದಂಗೆ ಸವರ್ಕೊಂಡು ಬಂದಿದೀರಿ?"

"ಬಿಸಿ ನೀವು ಕೊಡ್ತೀರಿ, ತಂಪು ನಾನು ಮಾಡ್ಕೊಂಡೆ" ಎಂದರು ಅತ್ತೆ.

ರೇಡಿಯೇಷನ್ ಬೀಳುವ ಚರ್ಮಕ್ಕೆ ಹೇಳದೆ ಕೇಳದೆ ಏನನ್ನೂ ಹಚ್ಚಬಾರದೆಂದು ಮೊದಲೇ ತಾಕೀತು ಮಾಡಿದ್ದರು. ಇಬ್ಬರು ನರ್ಸುಗಳು ಸೇರಿ ಒರೆಸಿದರು. ಗಾಣದ ಹರಳೆಣ್ಣೆ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಆ ದಿನ ಬಿಸಿ ಕೊಡಲು ಒಂದು ಗಂಟೆ ತಡವಾಯಿತು. ಒರೆಸಿಯಾದ ಮೇಲೆ, ಮತ್ತೆ ಸರದಿ ಬರುವತನಕ ಅತ್ತೆಯನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿದ್ದರು. ಅಲ್ಲಿ ಅಕ್ಕ ತಮ್ಮನಿಗೆ ಜಗಳ ಹತ್ತಿತು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಅಪ್ಪನ ಕಡೆಯವರ ಮನೆಮಾತು ತೆಲುಗು. ಆದರೆ ಅತ್ತೆ ಕನ್ನಡ ಶಾಲೆಯ ಮೇಡಂ ಆದ ದಿನದಿಂದ ಮನೆಯಲ್ಲೂ ಕನ್ನಡವನ್ನೇ ಆಡುತ್ತಾ ಬಂದವರು. ಅವರ ಕನ್ನಡದಲ್ಲಿ ಒಂದು ಒತ್ತಕ್ಷರವೂ ಹಾಳಾಗುತ್ತಿರಲಿಲ್ಲ. ತಮ್ಮನ ಜೊತೆ ಜಗಳಕ್ಕೆ ಮಾತ್ರ ತೆಲುಗನ್ನು ಎತ್ತಿಟ್ಟುಕೊಂಡಿದ್ದರು. ಆ ದಿನ, ಎಣ್ಣೆ ಹಚ್ಚು ಎಂದವನು ನೀನೇ, ನನ್ನ ಮಾನ ತೆಗೆದೆ ಎಂದು ತೆಲುಗಿನಲ್ಲಿ ಕಾರಿಡಾರು ಬಿದ್ದುಹೋಗುವ ಹಾಗೆ ಕೂಗಿದರು. ಹುಡುಗಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಾನು ನಾಚಿ ನೆಲ ನೋಡಿದೆ.

ಅಂದು ಒಳಗೆ ಹೋದಮೇಲೆ ಮತ್ತೆ ಅದೇ ಕತೆ. ನಲವತ್ತು ದಾಟಿತು. "ಹೇಗಿದೆಯಮ್ಮ?" "ಪರವಾಗಿಲ್ಲ." ಆದರೆ ಹಾಸಿಗೆಯ ಅಂಚು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ಹುಡುಗಿ ಅದನ್ನು ನೋಡಿದಳು. ಬಗ್ಗಿ, ಅತ್ತೆಯ ಕಿವಿಯ ಹತ್ತಿರ ಮೆತ್ತಗೆ ಕೇಳಿದಳು.

"ಎಕ್ಕಡ ಕಾಲ್ತಾ ಉಂದಮ್ಮಾ?"

ಎಲ್ಲಿ ಸುಡುತ್ತಿದೆ ಎಂದು, ಅಷ್ಟೆ. ಅತ್ತೆ ಕಣ್ಣು ಬಿಟ್ಟರು. ಆಮೇಲೆ ಸ್ಪೀಕರಿನಲ್ಲಿ ಬಂದ ದನಿಯನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಚಿಕ್ಕ ಹುಡುಗಿಯ ದನಿ. "ಎಡಂ ಪಕ್ಕ ತಲ್ಲೀ... ಅಬ್ಬಾ, ಕಾಲಿಪೋತಾ ಉಂದಿ!" ಎಡಗಡೆ ಸುಟ್ಟು ಹೋಗುತ್ತಿದೆ ಎಂದು ಹೇಳುತ್ತಲೇ ಅವರ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯಿತು. ಹುಡುಗಿ ಓಡಿಹೋಗಿ ಏನೋ ಗುಂಡಿ ತಿರುಗಿಸಿದಳು. "ಇಪ್ಪುಡು?" ಈಗ ಹೇಗಿದೆ ಎಂದಳು. ಅತ್ತೆ ಉಸಿರು ಬಿಟ್ಟು, "ಇಪ್ಪುಡು ಪರವಾಲೇದು" ಎಂದರು.

ಈ ಸಲದ ಪರವಾಗಿಲ್ಲ ನಿಜವಾದದ್ದು. ಹೊಟ್ಟೆಯ ಬೊಬ್ಬೆ ಹಿಡಿದುಕೊಂಡು ನನ್ನ ಪಕ್ಕ ನಿಂತಿದ್ದ ಅಪ್ಪ ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು, "ಅಮ್ಮ ಇದ್ದಾಗ ಅಕ್ಕ ಹಿಂಗೇ ಮಾತಾಡ್ತಿದ್ಲು ಕಣೇ" ಎಂದರು.

ಆ ಹುಡುಗಿ ಚಿಂತಾಮಣಿಯ ಹತ್ತಿರದವಳು, ಅಂಬಾಜಿದುರ್ಗದ ಬುಡದ ಒಂದು ಹಳ್ಳಿ. ಕಾರಿಡಾರಿನ ಜಗಳ ಕೇಳಿ ತನ್ನ ಅಜ್ಜಿಯ ನೆನಪಾಯಿತಂತೆ.

ಮೂರನೆಯ ಬುಧವಾರದಿಂದ ಸಮಸ್ಯೆ ತಿರುಗುಮುರುಗಾಯಿತು. ಅತ್ತೆಯ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು. ಎಡಗಡೆ ಬಿಸಿ, ಬಲಗಡೆ ಸಾಲದು, ಬೆನ್ನಿನ ಹತ್ತಿರ ಮಡಿಕೆ, ಎಸಿಯ ಗಾಳಿ ಮೂಗಿಗೆ, ಪಕ್ಕದ ಕೋಣೆಯಲ್ಲಿ ಯಾರದೋ ಫೋನು ಹೊಡೆದುಕೊಳ್ಳುತ್ತಿದೆ. ಎಲ್ಲವನ್ನೂ ತೆಲುಗಿನಲ್ಲಿ ವರದಿ ಮಾಡಿದರು. ನಡುನಡುವೆ ಹುಡುಗಿಗೆ ಮದುವೆಯಾಗಿದೆಯೋ, ಸಂಬಳ ಸರಿಯಾಗಿ ಕೊಡುತ್ತಾರೋ, ಹಾಸ್ಟೆಲಿನ ಸಾರಿನಲ್ಲಿ ಬೇಳೆ ಇರುತ್ತದೋ, ಈ ವಿಚಾರಣೆಗಳು. ಒಂದು ಗಂಟೆಯಲ್ಲಿ ತಮ್ಮ ಬಾಲ್ಯವನ್ನೆಲ್ಲ ಹೇಳಿ ಮುಗಿಸಿದರು. ನನ್ನಪ್ಪ ಎರಡನೇ ಕ್ಲಾಸಿನಲ್ಲಿ ಎರಡು ಸಲ ಫೇಲಾಗಿದ್ದರು ಎಂಬುದು ನನಗೆ ತಿಳಿದದ್ದು ಆ ಸ್ಪೀಕರಿನಿಂದ. ಅಪ್ಪ ಪಕ್ಕದಲ್ಲೇ ಇದ್ದರು. "ಈ ಸೌಂಡು ಕಮ್ಮಿ ಮಾಡೋದು ಹೆಂಗೆ?" ಎಂದು ಗುಂಡಿ ಹುಡುಕಿದರು.

ಎಲ್ಲ ನಗುವೇ ಆಗಿರಲಿಲ್ಲ. ನಾಲ್ಕನೆಯ ವಾರಕ್ಕೆ ಅತ್ತೆ ಸೋತುಹೋದರು. ಹೊಟ್ಟೆ ನಿಲ್ಲುತ್ತಿರಲಿಲ್ಲ, ಅನ್ನ ಸೇರುತ್ತಿರಲಿಲ್ಲ. ಒಂದು ದಿನ ಬರುವಾಗ ದಾರಿಯಲ್ಲಿ ಎರಡು ಸಲ ಕಾರು ನಿಲ್ಲಿಸಬೇಕಾಯಿತು. ಎರಡನೆಯ ಸಲ ವಾಂತಿ ಮಾಡಿ, ಬಾಯಿ ತೊಳೆದುಕೊಂಡು ಬಂದು ಕೂತವರು ಬಾಗಿಲು ಹಾಕಲಿಲ್ಲ.

"ನಾನು ಹೋದ್ರೆ ನಿಮ್ಮ ಮಾವನಿಗೆ ಸಕ್ಕರೆ ಹಾಕಿ ಕಾಫಿ ಕೊಡಬೇಡ ಕಣೇ. ಕೇಳ್ತಾರೆ. ಪಾಪ ಅಂತ ಕೊಟ್ಟುಬಿಡ್ತೀಯ ನೀನು."

"ಎಲ್ಲಿಗೆ ಹೋಗ್ತೀರಿ ಅತ್ತೆ?"

"ಎಲ್ಲಿಗೋ. ಹೋದ್ರೆ ಅಂತ ಹೇಳ್ದೆ."

"ಹೋಗೋದಾದ್ರೆ ಮೊದ್ಲು ಬಾಗಿಲು ಹಾಕಿ. ಲಾರಿ ಬರ್ತಿದೆ" ಎಂದೆ. ಅಳು ನುಂಗಲು ನನಗೆ ಹೊಳೆದದ್ದು ಅದೊಂದೇ. ಅವರು ನನ್ನನ್ನು ಒಂದು ನೋಟ ನೋಡಿ ಬಾಗಿಲು ಹಾಕಿದರು. "ಅತ್ತೆಗೆ ಎದುರು ಮಾತಾಡ್ತೀಯ" ಎಂದರು. ದನಿಯಲ್ಲಿ ಸ್ವಲ್ಪ ಜೀವ ಬಂದಿತ್ತು.

ಐದು ವಾರ ಮುಗಿಯಿತು. ಆಮೇಲೆ ಒಳಗಿಂದ ಕೊಡುವ ರೇಡಿಯೇಷನ್ನೂ ಆಯಿತು. ಕೊನೆಯ ಬುಧವಾರ ಅತ್ತೆ ಆ ಹುಡುಗಿಗೆ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಮಾಡಿಸಿಕೊಂಡು ಹೋಗಿದ್ದರು. ಅದನ್ನು ಮಾಡಿದವಳು ನಾನು, ಹೆಸರು ಅವರದು.

ಮೂರು ತಿಂಗಳ ಮೇಲೆ ಸ್ಕ್ಯಾನ್. ಡಾಕ್ಟರಮ್ಮ ಪರದೆಯ ಮೇಲೆ ತುಂಬ ಹೊತ್ತು ನೋಡಿದರು. ಮಾವ ಕುರ್ಚಿಯ ಕೈ ಹಿಡಿದಿದ್ದರು, ಅಪ್ಪ ಯಾವುದೋ ಸ್ತೋತ್ರ ಶುರು ಮಾಡಿ ಮೊದಲ ಸಾಲನ್ನೇ ಸುತ್ತುತ್ತಿದ್ದರು. "ಈಗ ಗೆಡ್ಡೆ ಕಾಣ್ತಿಲ್ಲಮ್ಮ. ತುಂಬ ಒಳ್ಳೇದು. ಆದ್ರೆ ಇನ್ನೂ ಕೆಲವು ವರ್ಷ ಬಂದು ತೋರಿಸ್ತಿರ್ಬೇಕು. ಪೂರ್ತಿ ಹೋಯ್ತು ಅಂತ ಇವತ್ತೇ ಹೇಳಲ್ಲ" ಎಂದರು.

"ಬಿಸಿಯಿಂದ ಹೋಯ್ತೋ, ರೇಡಿಯೇಷನ್‌ನಿಂದ ಹೋಯ್ತೋ?" ಎಂದು ಅತ್ತೆ ಕೇಳಿದರು. ಶಾಲೆಯ ಮೇಡಂ ನೋಡಿ, ಯಾರಿಗೆ ಎಷ್ಟು ಅಂಕ ಎಂಬುದು ಗೊತ್ತಾಗಬೇಕು.

"ಎಲ್ಲ ಸೇರಿ ಹೋಗಿದೆ. ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳಕ್ಕೆ ನನಗೂ ಬರಲ್ಲಮ್ಮ."

"ಒಪ್ಪಿಕೊಂಡ್ರಲ್ಲ, ಒಳ್ಳೇದು" ಎಂದು ಅತ್ತೆ ತಲೆದೂಗಿದರು.

ಮಾವ ಹೊರಗೆ ಬಂದು ಗೋಡೆಯ ಕಡೆ ತಿರುಗಿ ನಿಂತು ಕನ್ನಡಕ ಒರೆಸಿದರು. ಬಹಳ ಹೊತ್ತು ಒರೆಸಿದರು.

ಇದಾಗಿ ಕೆಲವು ತಿಂಗಳಿಗೆ ಒಂದು ಭಾನುವಾರ ನಾನು ಶಿಡ್ಲಘಟ್ಟಕ್ಕೆ ಹೋಗಿದ್ದೆ. ಅತ್ತೆಯ ಬೀದಿಯಲ್ಲೇ ಇರುವ ಒಬ್ಬ ಹೆಂಗಸು ಬಂದಿದ್ದರು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಡೆ ಕೆಲಸ, ಕೈಬೆರಳೆಲ್ಲ ಬಿಸಿನೀರಿಗೆ ನೆನೆದು ಬಿಳಿಚಿಕೊಂಡಿದ್ದವು. ಮುಟ್ಟು ನಿಂತು ನಾಲ್ಕು ವರ್ಷವಾದಮೇಲೆ ಮತ್ತೆ ಶುರುವಾಗಿದೆ, ದಿನವೆಲ್ಲ ಬಿಸಿನೀರಿನ ಮುಂದೆ ಕೂತು ಉಷ್ಣವಾಗಿರಬೇಕು, ಮೇಡಂ ಹತ್ತಿರ ತಂಪಿಗೆ ಏನಾದರೂ ಮದ್ದು ಇರುತ್ತದಲ್ಲ ಎಂದು ಪಿಸುಗುಟ್ಟಿದರು.

ಅತ್ತೆ ಎದ್ದು ನಿಂತರು. "ಉಷ್ಣ ಗಿಷ್ಣ ಏನೂ ಇಲ್ಲ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ರೆಡಿಯಾಗಿರು. ಆಸ್ಪತ್ರೆಗೆ ಹೋಗಣ. ನಾನೂ ಬರ್ತೀನಿ." ನನ್ನ ಕಡೆ ತಿರುಗಿ, "ನೀನು ಕಾರು ತಗೊಂಡು ಬಾ" ಎಂದರು. ಕಚೇರಿಗೆ ಇನ್ನೊಂದು ದಿನ ರಜೆ ಹಾಕಿದೆ.

ಮರುದಿನ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಕೊಟ್ಟು ಮೂವರೂ ಬೆಂಚಿನ ಮೇಲೆ ಕೂತಿದ್ದೆವು. ಆ ಹೆಂಗಸಿನದು ಸೋಂಕು ಮಾತ್ರ, ಮಾತ್ರೆಯಲ್ಲೇ ಹೋಗುವಂಥದ್ದು ಎಂದು ತಿಳಿದದ್ದು ವಾರದ ಮೇಲೆ. ಅಂದು ಅದು ಗೊತ್ತಿರಲಿಲ್ಲ, ಅವರ ಕೈ ಸೆರಗಿನ ಅಂಚನ್ನು ಸುತ್ತಿ ಬಿಚ್ಚುತ್ತಿತ್ತು. ಅತ್ತೆ ಆ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡಿದ್ದರು.

"ನಿಮಗೆ ಭಯ ಆಗ್ಲಿಲ್ವಾ ಮೇಡಂ, ಆವಾಗ?"

ಪರವಾಗಿಲ್ಲ ಎನ್ನುತ್ತಾರೆ ಎಂದುಕೊಂಡೆ.

"ಆಯ್ತು ಕಣಮ್ಮ" ಎಂದರು ಅತ್ತೆ. "ಬಹಳ ಆಯ್ತು."

ಹಾಗೆಂದವರೇ ಎದ್ದು, ಚೀಟಿ ಬರೆಯುವ ಕಿಟಕಿಯಲ್ಲಿ ಸಾಲು ಮುರಿದು ನುಗ್ಗುತ್ತಿದ್ದ ಗಂಡಸೊಬ್ಬನನ್ನು ತೋಳು ಹಿಡಿದು ಹಿಂದಕ್ಕೆ ನಿಲ್ಲಿಸಲು ಹೋದರು.